ಮಂಗಳವಾರದ ಎರಡನೇ ಬಸ್ಸು

ಅವನನ್ನು ಮೊದಲ ಸಲ ನೋಡಿದಾಗ ನಾನು ಎರಡೂ ಕೈ ಚಾಚಿ ಅವನ ಬಸ್ಸಿಗೆ ಅಡ್ಡ ನಿಂತಿದ್ದೆ.

ಫ್ಲಾಗ್‌ಸ್ಟಾಫ್‌ನಿಂದ ಶಾಲೆಶಾಲೆಗೆ ಹೋಗುವ ವಿಜ್ಞಾನದ ವ್ಯಾನು ಓಡಿಸಿಕೊಂಡು ಬಂದು, ಎಂಟನೇ ತರಗತಿಯ ಕೋಣೆಯಲ್ಲಿ ಮೇಜುಗಳ ಮೇಲೆ ಬೆಸುಗೆಯ ಸೋಲ್ಡರಿಂಗ್ ಕಡ್ಡಿ, ಕರೆಂಟು ಅಳೆಯುವ ಮಲ್ಟಿಮೀಟರ್, ಅಂಗೈಯಗಲದ ಸೋಲಾರ್ ಫಲಕಗಳನ್ನು ಓರಣವಾಗಿ ಇಟ್ಟಿದ್ದೆ. ಹನ್ನೆರಡು ಹುಡುಗಿಯರು ಹೆಸರು ಕೊಟ್ಟಿದ್ದರು. ಶಾಲೆ ಬಿಡುವ ಗಂಟೆ ಬಾರಿಸಿದ್ದೇ ತಡ, ಎಲ್ಲರೂ ಬ್ಯಾಗು ಹೆಗಲಿಗೇರಿಸಿ ಹಳದಿ ಬಸ್ಸಿನ ಕಡೆಗೆ ಓಡಿಬಿಟ್ಟರು.

"ಮೇಡಂ, ಇದು ಕುರಿಮಂದೆ ಅಲ್ಲ, ಕೈ ಅಗಲಿಸಿದ್ರೆ ನಿಲ್ಲೋಕೆ," ಎಂದು ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ.

"ಇವರು ನನ್ನ ಕ್ಲಾಸಿನ ಮಕ್ಕಳು. ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ?"

"ಮನೆಗೆ. ದಿನಾ ಅಲ್ಲಿಗೇ ಹೋಗೋದು ಇವರು. ಅಭ್ಯಾಸ ಆಗ್ಬಿಟ್ಟಿದೆ."

ಬಸ್ಸಿನೊಳಗೆ ನಗು ಎದ್ದಿತು. ನನ್ನ ಮುಖ ಬಿಸಿಯಾಯಿತು.

"ಪ್ರತಿ ಮಂಗಳವಾರ ಆರು ಗಂಟೆವರೆಗೆ ಕ್ಲಾಸು ಅಂತ ಮೊದಲೇ ಹೇಳಿದ್ದೆನಲ್ಲ."

"ಹೇಳಿದ್ರಿ. ಆರರ ಮೇಲೆ ಮನೆಗೆ ಹೇಗೆ ಹೋಗೋದು ಅಂತ ಹೇಳಿದ್ರಾ?" ಅವನು ತುಟಿ ಮುಂದಕ್ಕೆ ಚಾಚಿ ದಿಗಂತದ ಕಡೆ ತೋರಿಸಿದ. ಈ ನೆಲದ ಮೂಲನಿವಾಸಿಗಳಾದ ನಮ್ಮ ನವಾಹೋ ಜನ ಬೆರಳು ಮಾಡಿ ತೋರಿಸುವುದಿಲ್ಲ. ಆ ತುಟಿ ತೋರಿಸಿದ ಕಡೆ ಕೆಂಪು ಮಣ್ಣಿನ ರಸ್ತೆ ಬಂಡೆಗಳ ನಡುವೆ ಸಣ್ಣದಾಗುತ್ತ ಹೋಗಿ, ಕಾಣದಾಗುತ್ತಿತ್ತು. ಕೆಲವರ ಮನೆ ಅದರಾಚೆಗೂ ಇತ್ತು.

ಹೆಚ್ಚುವರಿ ಫ್ಯೂಸು ತಂದಿದ್ದೆ. ಸುಟ್ಟ ಬೆರಳಿಗೆ ಮುಲಾಮು ತಂದಿದ್ದೆ. ಬಸ್ಸಿನ ಯೋಚನೆ ಮಾತ್ರ ನನಗೆ ಬಂದಿರಲಿಲ್ಲ.

ಅವನು ಸ್ವಲ್ಪ ಹೊತ್ತು ಸ್ಟೀರಿಂಗಿನ ಮೇಲೆ ಬೆರಳು ಬಡಿದ. ಆಮೇಲೆ ಹಿಂದಕ್ಕೆ ತಿರುಗಿ, "ಸೈನ್ಸಿನವರೆಲ್ಲ ಇಳೀರಿ. ಮಿಕ್ಕವರನ್ನ ಬಿಟ್ಟು ಆರಕ್ಕೆ ವಾಪಸ್ ಬರ್ತೀನಿ," ಎಂದ. ನನಗೆ ಹೇಳಿದ: "ಆದ್ರೆ ಸಂಜೆ ಬಸ್ಸಲ್ಲಿ ಹುಡುಗೀರ ಜೊತೆ ಇನ್ನೊಬ್ಬರು ದೊಡ್ಡೋರು ಇರ್ಬೇಕು. ಶಾಲೆ ನಿಯಮ. ನೀವೂ ಹತ್ತಬೇಕು. ನಾನು ಕ್ಲೇಟನ್ ಬಿಟ್ಸಿಲಿ. ನೀರಂಚಿನ ಕುಲದವನು. ಅಪ್ಪ ಮೇಕೆಮಂದೆ ಕುಲದವರು."

ಈಗ ನನ್ನ ಸರದಿ. ಹೊಸಬರು ಎದುರಾದಾಗ ಹೆಸರಿಗಿಂತ ಮುಖ್ಯವಾಗಿ ಕುಲ ಹೇಳಬೇಕು. ತಾಯಿಯ ಕುಲವೇ ನಮ್ಮ ಕುಲ. ಒಂದೇ ಕುಲದವರು ಎಷ್ಟೇ ದೂರದವರಾದರೂ ಒಡಹುಟ್ಟಿದವರು.

"ಡೆನೆಲ್ ಎಟ್ಸಿಟಿ. ಅಪ್ಪ ಉಪ್ಪಿನ ಕುಲ," ಎಂದೆ. "ಅಮ್ಮನದು ಗೊತ್ತಿಲ್ಲ."

ಇಳಿಯುತ್ತಿದ್ದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೇ ನಿಂತಳು. "ಕುಲ ಗೊತ್ತಿಲ್ವಾ? ಅದು ಹೇಗೆ ಮಿಸ್?"

"ಕಿಯಾನಾ, ಬಾಯಿ," ಎಂದ ಕ್ಲೇಟನ್.

"ಬಾಯಿ ಇದೆ ಮಾಮ, ಅದಕ್ಕೇ ಕೇಳಿದ್ದು." ಬಸ್ಸಿನ ಹುಡುಗಿಯರೆಲ್ಲ ಅವನನ್ನು ಮಾಮ ಎಂದೇ ಕರೆಯುತ್ತಿದ್ದರು.

*

ನನ್ನ ಅಮ್ಮ ಡೆಲ್ಫೀನ್. ಎಂಟನೇ ವಯಸ್ಸಿನಲ್ಲಿ, ಓದಲಿ ಎಂದು, ಪಕ್ಕದ ಯೂಟಾ ರಾಜ್ಯದ ಒಂದು ಬಿಳಿಯರ ಮನೆಗೆ ಕಳಿಸಿದ್ದರಂತೆ. ಹೋದವಳು ತಿರುಗಿ ಬರಲಿಲ್ಲ. ಭಾಷೆ ಮರೆತಳು, ಊರ ಹೆಸರು ಮರೆತಳು. ಫೀನಿಕ್ಸ್ ನಗರದಲ್ಲಿ ನನ್ನ ಅಪ್ಪನನ್ನು ಮದುವೆಯಾದಾಗ ಅವಳಿಗೆ ನೆನಪಿದ್ದದ್ದು ಒಂದೇ ಚಿತ್ರ: ಮನೆಯ ಹಿಂದೆ ಒಂದು ಗಾಳಿಯಂತ್ರ, ಅದರ ಒಂದು ರೆಕ್ಕೆ ಬಿದ್ದುಹೋಗಿತ್ತು, ತಿರುಗುವಾಗ ಕುಂಟುತ್ತಿತ್ತು. ನನಗೆ ಹನ್ನೊಂದು ತುಂಬಿದಾಗ ಅಮ್ಮ ತೀರಿಕೊಂಡಳು. ಆಮೇಲೆ ಯಾರು ಕುಲ ಕೇಳಿದರೂ ನಾನು ಅರ್ಧ ಉತ್ತರ ಹೇಳಿ ನೆಲ ನೋಡುತ್ತಿದ್ದೆ.

ಮಿಕ್ಕ ವಿಷಯಗಳಲ್ಲಿ ಅರ್ಧ ಉತ್ತರ ನನಗೆ ಆಗದು. ನನ್ನ ಕ್ಲಾಸಿನಲ್ಲಿ ಇದ್ದದ್ದೇ ಒಂದು ನಿಯಮ.

"ಮಿಸ್, ಲೈಟು ಹತ್ತಲ್ಲ. ಬ್ಯಾಟರಿ ಸತ್ತಿದೆ," ಎನ್ನುತ್ತಿದ್ದಳು ಕಿಯಾನಾ.

"ಹೇಗೆ ಗೊತ್ತು?"

"ಹಾಗೆ ಅನ್ಸುತ್ತೆ."

"ಅನ್ಸೋದು ಬೇಡ. ಅಳೆ."

ಅವಳು ಹುಬ್ಬು ಗಂಟಿಕ್ಕಿಕೊಂಡು ಮಲ್ಟಿಮೀಟರಿನ ಕೆಂಪು, ಕಪ್ಪು ಮೊನೆಗಳನ್ನು ಮುಟ್ಟಿಸುತ್ತಿದ್ದಳು. ಬ್ಯಾಟರಿ ಚೆನ್ನಾಗಿಯೇ ಇರುತ್ತಿತ್ತು. ಬೆಸುಗೆ ಸಡಿಲವಾಗಿರುತ್ತಿತ್ತು. ಪಕ್ಕದ ಮೇಜಿನ ಶಾಂಡೀನ್ ಮಾತೇ ಆಡದ ಹುಡುಗಿ. ಅವಳ ಬೆಸುಗೆ ಮಾತ್ರ ಇಬ್ಬನಿ ಹನಿಯ ಹಾಗೆ ಹೊಳೆಯುತ್ತಿತ್ತು. ಇವರ ಪೈಕಿ ಅರ್ಧ ಜನರ ಮನೆಗೆ ಕರೆಂಟಿಲ್ಲ. ಕರೆಂಟಿನ ದಪ್ಪ ತಂತಿಗಳು ಅವರ ಸೂರಿನ ಮೇಲೆಯೇ ಹಾದು ಫೀನಿಕ್ಸಿಗೆ ಹೋಗುತ್ತವೆ. ಫೀನಿಕ್ಸಿನಲ್ಲಿ ಆ ದೀಪಗಳ ಕೆಳಗೇ ನಾನು ಓದಿದ್ದು. ಹಾಗಾಗಿ ಈ ಮಕ್ಕಳು ತಾವೇ ಮಾಡಿದ ದೀಪವನ್ನು ತಮ್ಮ ಮನೆಯಲ್ಲಿ ಹಚ್ಚಬೇಕೆಂದು ನನಗೊಂದು ಹಟವಿತ್ತು.

ಆರಕ್ಕೆ ಸರಿಯಾಗಿ ಹೊರಗೆ ಹಾರ್ನ್ ಕೇಳುತ್ತಿತ್ತು.

ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಮ್ಮಲ್ಲಿ ಒರಟುತನ. ಆದರೆ ಶಾಲಾ ಬಸ್ಸಿನಲ್ಲಿ ಡ್ರೈವರಿನ ತಲೆಯ ಮೇಲೆ ಒಂದು ಅಗಲವಾದ ಕನ್ನಡಿ ಇರುತ್ತದೆ, ಮಕ್ಕಳ ಮೇಲೆ ನಿಗಾ ಇಡಲು. ನಾನು ಮೂರನೇ ಸಾಲಿನಲ್ಲಿ ಕೂರುತ್ತಿದ್ದೆ. ಮೊದಲ ವಾರ ಕನ್ನಡಿಯಲ್ಲಿ ಅವನ ಹುಬ್ಬು ಕಂಡಿತು. ಮುಂದಿನ ವಾರ ಕಣ್ಣು. ಅವನು ಕನ್ನಡಿ ತಿರುಗಿಸಿದನೋ, ನಾನೇ ಕಿಟಕಿಯ ಕಡೆಯಿಂದ ನಡುವಿಗೆ ಸರಿದೆನೋ, ಅದನ್ನು ನಾನು ಪರೀಕ್ಷಿಸಲು ಹೋಗಲಿಲ್ಲ.

"ನಿಮ್ಮ ಕಿವಿ ಚುಚ್ಚಿದೋರು ಕುಡುಕರಾ?" ಎಂದು ಒಂದು ಸಂಜೆ ಕನ್ನಡಿಯಲ್ಲೇ ಕೇಳಿದ.

"ಯಾಕೆ?"

"ಓಲೆ ಹಾಕೋ ಜಾಗ ಬಿಟ್ಟು ಮೇಲೆ ಚುಚ್ಚಿದಾರೆ."

ನನ್ನ ಬಲಗಿವಿಯ ಮುಂದೆ, ಕೆನ್ನೆ ಸೇರುವಲ್ಲಿ, ಸೂಜಿಮೊನೆಯಷ್ಟು ಒಂದು ತೂತಿದೆ. "ಅದು ಹುಟ್ಟಿನಿಂದಲೇ ಇರೋದು. ಅಮ್ಮನಿಗೂ ಇತ್ತು. ವಂಶದಲ್ಲಿ ಬರುತ್ತೆ," ಎಂದು ಪಾಠದ ದನಿಯಲ್ಲಿ ಹೇಳಿದೆ. ಅಷ್ಟು ಸಣ್ಣ ತೂತು ಅಷ್ಟು ದೂರದಿಂದ ಕಾಣಬೇಕಾದರೆ ಎಷ್ಟು ಹೊತ್ತು ನೋಡಿರಬೇಕು ಎಂಬ ಲೆಕ್ಕ ಹೊಳೆದದ್ದು ಆಮೇಲೆ. ಅವನಿಗೂ ಹೊಳೆದಿರಬೇಕು. ಅವನ ಕತ್ತು ಕೆಂಪಾಗಿತ್ತು.

ಅದರ ಮುಂದಿನ ಮಂಗಳವಾರ ಮೂರನೇ ಸಾಲಿನ ಸೀಟಿನ ಮೇಲೆ ಒಂದು ಕಾಗದದ ಪೊಟ್ಟಣವಿತ್ತು. ಬಿಸಿಯಾರದ, ಉಪ್ಪು ಹಾಕಿ ಹುರಿದ, ಪೈನ್ ಮರದ ಪಿನ್ಯೋನ್ ಬೀಜ.

"ಯಾರದ್ದು ಇದು?" ಎಂದೆ.

"ಬಸ್ಸಲ್ಲಿ ಬಿಟ್ಟುಹೋದದ್ದು ಕೂತವರದ್ದೇ," ಎಂದಿತು ಕನ್ನಡಿ.

"ಮಾಮ, ಹೋದ ವಾರ ನನ್ನ ಜಾಕೆಟ್ ಬಿಟ್ಟುಹೋಗಿದ್ದೆ. ಬೈದ್ರಲ್ಲ?" ಎಂದಳು ಕಿಯಾನಾ. ಬಸ್ಸೆಲ್ಲ ಗೊಳ್ಳೆಂದಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. "ಮಿಸ್ ಕುಲ ಗೊತ್ತಾಯ್ತಾ ಮಾಮ?"

"ಯಾಕೆ?"

"ಸುಮ್ನೆ ಕೇಳ್ದೆ. ಒಂದೇ ಕುಲದೋರು ಇಷ್ಟಪಟ್ರೆ ತಲೆಕೆಟ್ಟು, ಪತಂಗದ ಹಾಗೆ ಬೆಂಕಿಗೆ ಬೀಳ್ತಾರಂತೆ. ಅಜ್ಜಿ ಹೇಳ್ತಾರೆ."

"ನಿನ್ನ ಸ್ಟಾಪ್ ಬಂತು. ಇಳಿ."

"ಇನ್ನೂ ಬಂದಿಲ್ಲ ಮಾಮ."

"ಬಂತು ಅಂದ್ಕೋ."

ಕೊನೆಯ ಹುಡುಗಿ ಇಳಿದ ಮೇಲೆ, ನನ್ನ ವ್ಯಾನು ನಿಂತಿದ್ದ ಶಾಲೆಗೆ ವಾಪಸ್ ಬರುವ ದಾರಿಯಲ್ಲಿ ಖಾಲಿ ಬಸ್ಸಿನಲ್ಲಿ ನಾವಿಬ್ಬರೇ. ಆ ದಾರಿಯ ಮಣ್ಣು ಅಲೆಅಲೆಯಾಗಿ ಗಟ್ಟಿಯಾಗಿತ್ತು. ಸೀಟುಗಳೆಲ್ಲ ಗಡಗಡ ಎನ್ನುತ್ತಿದ್ದವು, ಜೋರಾಗಿ ಕೂಗಿ ಮಾತಾಡಬೇಕಿತ್ತು. ಪ್ರೀತಿಯ ಮಾತನ್ನು ಹಾಗೆ ಕೂಗಿ ಹೇಳಲಾಗದು. ಅದಕ್ಕೇ ಇರಬೇಕು, ಸೆಪ್ಟೆಂಬರಿನ ಕೊನೆಯ ವಾರ ಅವನು ದಿಬ್ಬದ ಮೇಲೆ ಬಸ್ಸು ನಿಲ್ಲಿಸಿ ಇಂಜಿನ್ ಆರಿಸಿದ. ದೂರದಲ್ಲಿ ಮಳೆ ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿಹೋಗುತ್ತಿತ್ತು.

"ಅಮ್ಮ ಕೇಳಿದ್ಲು," ಎಂದ, ಮುಂದೆ ನೋಡುತ್ತಲೇ. "ನಿನ್ನ ಕುಲ ಯಾವುದು ಅಂತ."

ಅವನು 'ನಿನ್ನ' ಎಂದದ್ದು ಅದೇ ಮೊದಲು.

"ನೀನೇನಂದೆ?"

"ಉಪ್ಪಿನವರ ಮಗಳು ಅಂದೆ. 'ಅದು ಅಪ್ಪಂದು, ನಾನು ಕೇಳಿದ್ದು ಅಮ್ಮಂದು' ಅಂದ್ಲು."

"ಆಮೇಲೆ?"

"ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬಂದೆ. ಅವತ್ತು ಭಾನುವಾರ."

ನನಗೆ ನಗು ಬಂತು. ಅವನೂ ನಕ್ಕ.

"ಹುಡುಕಿದ್ರೆ ಸಿಗುತ್ತೆ, ಕ್ಲೇಟನ್. ಯೂಟಾಕ್ಕೆ ಯಾರ ಮಕ್ಕಳು ಹೋದ್ರು ಅಂತ ನಾಲ್ಕು ಮನೆ ಅಜ್ಜಿಯರನ್ನ ಕೇಳಿದ್ರೆ ಸಾಕು. ಅರವತ್ತಕ್ಕಿಂತ ಜಾಸ್ತಿ ಕುಲ ಇವೆ. ನಿನ್ನದೇ ಆಗಿರೋ ಸಾಧ್ಯತೆ ತುಂಬಾ ಕಮ್ಮಿ."

"ಗೊತ್ತು."

"ಕೇಳ್ಲಾ?"

ಅವನ ಕೈ ಗೇರಿನ ಮೇಲಿತ್ತು. ಎದ್ದು ಮುಂದೆ ಬಂದಿದ್ದ ನನ್ನ ಕೈ ಅವನ ಸೀಟಿನ ಪಕ್ಕದ ಕಂಬಿಯ ಮೇಲೆ. ನಡುವೆ ಒಂದು ಗೇಣು ಇದ್ದಿರಬಹುದು. ಇಬ್ಬರೂ ಸರಿಯಲಿಲ್ಲ.

"ಬೇಡ," ಎಂದ. "ಗೊತ್ತಿಲ್ಲದ ತನಕ ನೀನು ಯಾರು ಬೇಕಾದ್ರೂ ಆಗಿರಬಹುದು."

ಊಹೆ ಬೇಡ, ಅಳೆ ಎಂದು ವಾರವಾರವೂ ಮಕ್ಕಳಿಗೆ ಹೇಳುವವಳು ನಾನು. ಹುಟ್ಟಿದಾಗಿನಿಂದ ಕಾದಿದ್ದ ಉತ್ತರ ನಾಲ್ಕು ಮನೆಯಾಚೆ ಇತ್ತು. "ಆಯ್ತು," ಎಂದೆ. "ಕೇಳಲ್ಲ."

*

ಅಕ್ಟೋಬರಿನ ಮೊದಲ ಶನಿವಾರ ಕಿಯಾನಾಳ ದೀಪವನ್ನು ಅವಳ ಅಜ್ಜಿ ಬೆಸ್ಸಿಯವರ ಮನೆಯಲ್ಲಿ ಹಾಕಲು ಹೊರಟೆವು. ಫಲಕವನ್ನು ಸೂರಿಗೆ ಏರಿಸಲು ಕ್ಲೇಟನ್, ಬೆಸುಗೆಗೆ ಶಾಂಡೀನ್. ಬಸ್ಸು ಅಷ್ಟು ದೂರ ಹೋಗುವುದಿಲ್ಲ. ಕಿಯಾನಾ ಯಾವಾಗಲೂ ರಸ್ತೆಯ ಕವಲಿನಲ್ಲೇ ಇಳಿದು ನಡೆಯುತ್ತಿದ್ದಳು. ಕವಲಿನಿಂದಾಚೆ ನಾನು ಹೋದದ್ದು ಅದೇ ಮೊದಲು.

ವ್ಯಾನು ದಿಬ್ಬ ಏರಿ ಇಳಿಯಿತು. ಕೆಳಗೆ ಎಂಟು ಮೂಲೆಯ ಮರದ ಮನೆ, ಮಣ್ಣಿನ ಸೂರು, ಪೂರ್ವಕ್ಕೆ ಬಾಗಿಲು. ಹಿಂದೆ ಒಂದು ಗಾಳಿಯಂತ್ರ.

ಅದು ತಿರುಗುತ್ತಿತ್ತು. ಸುತ್ತಿಗೊಮ್ಮೆ ಕುಂಟುತ್ತಿತ್ತು.

"ಮಿಸ್, ಬ್ರೇಕ್ ಯಾಕೆ?" ಎಂದಳು ಕಿಯಾನಾ.

"ಗುಂಡಿ," ಎಂದೆ.

ಈ ಸೀಮೆಯಲ್ಲಿ ಹಳೆಯ ಗಾಳಿಯಂತ್ರಗಳು ನೂರಾರು. ರೆಕ್ಕೆ ಮುರಿದವು ಎಷ್ಟೋ. ಒಂದನ್ನು ನೋಡಿ ತೀರ್ಮಾನ ಮಾಡಬಾರದು. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ವ್ಯಾನು ಹಿಂದಕ್ಕೆ ತಿರುಗಿಸಿಬಿಡಲೇ ಎಂದೂ ಅನ್ನಿಸಿತು. ಹಿಂದಿನ ಸೀಟಿನಲ್ಲಿ ಕಿಯಾನಾ ದೀಪದ ಪೆಟ್ಟಿಗೆಯನ್ನು ಎಳೆಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಬೆಸ್ಸಿಯವರು ನಮಗೆ ಕುರಿಮಾಂಸದ ಸಾರು, ಎಣ್ಣೆಯಲ್ಲಿ ಕರಿದ ರೊಟ್ಟಿ ಬಡಿಸಿದರು. ಎಪ್ಪತ್ತು ದಾಟಿದ ಜೀವ. ನೆರೆತ ಕೂದಲನ್ನು ಹಿಂದಕ್ಕೆ ಬಿಗಿದು ಉಣ್ಣೆದಾರ ಸುತ್ತಿದ್ದರು. ಒಳಗೆ ಕತ್ತಲು. ಅವರಿಗೆ ಕಣ್ಣೂ ಮಂದ. ನಾನು ಗೋಡೆಯ ಪಕ್ಕ, ನೆರಳು ಹೆಚ್ಚಿರುವ ಕಡೆ ಕೂತೆ. ಅವರು ಕುಲ ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತ ರೊಟ್ಟಿಯನ್ನು ಚೂರು ಮಾಡಿದೆ.

ಅವರು ಕೇಳಲಿಲ್ಲ. ಮೊಮ್ಮಗಳ ಕೈಯನ್ನೇ ನೋಡುತ್ತಿದ್ದರು.

ಸೂರ್ಯ ಮುಳುಗುವ ಹೊತ್ತಿಗೆ ತಂತಿಗಳೆಲ್ಲ ಒಳಗೆ ಬಂದವು. ಕಿಯಾನಾ ಸ್ವಿಚ್ ಒತ್ತಿದಳು. ದೀಪ ಹತ್ತಲಿಲ್ಲ.

"ಬ್ಯಾಟರಿ..." ಎಂದು ಶುರುಮಾಡಿ ನನ್ನ ಕಡೆ ನೋಡಿದಳು. "ಸರಿ ಸರಿ. ಅಳೀತೀನಿ."

ಮಂಡಿಯೂರಿ, ತುದಿಯಿಂದ ತುದಿಗೆ, ಒಂದೊಂದು ಬೆಸುಗೆಯನ್ನೂ ಮುಟ್ಟಿ ನೋಡಿದಳು. ನಾನು ನೆರವಿಗೆ ಹೋಗಲಿಲ್ಲ. ಅಕ್ಕರೆಯಿಂದ ಸುಮ್ಮನಿದ್ದೆನೋ, ಆ ದೀಪ ಹತ್ತದಿದ್ದರೂ ಆಯಿತು ಎಂಬ ಆಸೆಯಿಂದಲೋ, ನನಗೆ ಇವತ್ತಿಗೂ ತಿಳಿಯದು.

"ಸಿಕ್ತು! ಇಲ್ಲಿ ಸಡಿಲ. ಶಾಂಡೀನ್, ಕಡ್ಡಿ ಕೊಡು."

ಸಣ್ಣ ಹೊಗೆ ಎದ್ದಿತು. ಮತ್ತೆ ಸ್ವಿಚ್. ಮನೆಯ ಎಂಟೂ ಮೂಲೆ ಒಮ್ಮೆಲೇ ಬೆಳ್ಳಗಾದವು.

ಹುಡುಗಿಯರು ಕೂಗಿಕೊಂಡರು. ಶಾಂಡೀನ್ ಕೂಡ. ಬೆಸ್ಸಿಯವರು ಅಂಗೈಯನ್ನು ಕಣ್ಣಿಗೆ ಮರೆ ಮಾಡಿಕೊಂಡು ನಕ್ಕರು, ತಮ್ಮದೇ ಮನೆಯನ್ನು ಹೊಸಬರಂತೆ ಸುತ್ತ ನೋಡಿದರು. ನೋಡುತ್ತ ನೋಡುತ್ತ ನನ್ನ ಮುಖಕ್ಕೆ ಬಂದು ನಿಂತರು.

"ಇಲ್ಲಿ ಬಾ. ದೀಪದ ಕೆಳಗೆ ಬಾ."

ಹೋದೆ. ಅವರ ಒರಟು ಬೆರಳು ನನ್ನ ಕೂದಲು ಸರಿಸಿ, ಬಲಗಿವಿಯ ಮುಂದೆ, ಆ ಸಣ್ಣ ತೂತಿನ ಮೇಲೆ ನಿಂತಿತು. ಇನ್ನೊಂದು ಕೈಯಿಂದ ತಮ್ಮ ಕಿವಿಯ ಮುಂದಿನ ನೆರೆಗೂದಲನ್ನು ಹಿಂದೆ ಸರಿಸಿದರು. ಅಲ್ಲಿಯೂ ಅದು ಇತ್ತು. ಅದೇ ಕಡೆ, ಅದೇ ಜಾಗ.

"ನಿಮ್ಮಮ್ಮ ಯಾರು?"

ಸುಳ್ಳು ಹೇಳಬಹುದಿತ್ತು. "ಡೆಲ್ಫೀನ್," ಎಂದೆ. "ಯೂಟಾಕ್ಕೆ ಕಳಿಸಿದ್ರಂತೆ. ಸಣ್ಣವಳಿದ್ದಾಗ."

"ಬಸ್ಸು ಹತ್ತಿಸಿದ್ದು ನಾನೇ," ಎಂದರು ಬೆಸ್ಸಿ. "ನನ್ನ ತಂಗಿ. ಕೈಗೊಂದು ಪೀಚ್ ಹಣ್ಣು ಕೊಟ್ಟೆ. 'ಅಳಬೇಡ, ಇದೇ ಬಸ್ಸು ವಾಪಸ್ ಕರ್ಕೊಂಡು ಬರುತ್ತೆ' ಅಂದೆ. ಎಷ್ಟು ವರ್ಷ ಕವಲಿಗೆ ಹೋಗಿ ನಿಂತೆ ಗೊತ್ತಾ?" ಅವರು ನನ್ನ ತಲೆಯನ್ನು ಎದೆಗೊತ್ತಿಕೊಂಡರು. ಹೊಗೆ, ಕುರಿಯುಣ್ಣೆ, ಕಾಫಿಯ ವಾಸನೆ. "ಎಲ್ಲಿ ಅವಳು?"

ನಾನು ತಲೆಯಲ್ಲಾಡಿಸಿದೆ. ಅವರಿಗೆ ಅರ್ಥವಾಯಿತು. ನನ್ನನ್ನು ಬಿಡದೆಯೇ ಅತ್ತರು.

"ನೀನು ನಮ್ಮವಳು," ಎಂದರು ಕೊನೆಗೆ. "ನೀರಂಚಿನ ಮಗಳು."

ಅವರ ಹೆಗಲ ಮೇಲಿಂದ ನನಗೆ ಬಾಗಿಲು ಕಾಣುತ್ತಿತ್ತು. ಅಲ್ಲಿ ಕ್ಲೇಟನ್ ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದ. ಕಿಯಾನಾ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಕಂಡದ್ದು ಅವತ್ತೇ.

ತೆರೆದ ಬಾಗಿಲಿನಿಂದ ಒಂದು ಪತಂಗ ಒಳಗೆ ಬಂದು ದೀಪಕ್ಕೆ ಟಪ್ ಟಪ್ ಎಂದು ಬಡಿಯತೊಡಗಿತು. ಕ್ಲೇಟನ್ ಸ್ಕ್ರೂ ಡ್ರೈವರ್ ಕೆಳಗಿಟ್ಟು, ನಮ್ಮ ಪದ್ಧತಿಯಂತೆ ಮನೆಯೊಳಗೆ ಎಡದಿಂದ ಸುತ್ತಿ ಬಂದ. ಪತಂಗವನ್ನು ಬೊಗಸೆಯಲ್ಲಿ ಹಿಡಿದ. ಹೊರಗೆ ಒಯ್ದು ಕತ್ತಲಿಗೆ ಬಿಟ್ಟ. ಮತ್ತೆ ಸುತ್ತಿ ಬಂದು ನನ್ನ ಮುಂದೆ ನಿಂತು ಬಲಗೈ ಚಾಚಿದ.

ನಮ್ಮಲ್ಲಿ ಕೈ ಹಿಸುಕುವುದಿಲ್ಲ. ಅಂಗೈಗೆ ಅಂಗೈ ಮೆಲ್ಲಗೆ ತಾಗಿಸಿ ಬಿಡುತ್ತೇವೆ. ಅಷ್ಟು ಮಂಗಳವಾರಗಳಲ್ಲಿ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅಂಗೈಯಲ್ಲಿ ಪತಂಗದ ರೆಕ್ಕೆಯ ಬೂದುಪುಡಿ ಇತ್ತು.

"ಬಂದೆಯಾ ತಂಗೀ," ಎಂದ. ದನಿ ಒಡೆಯಲಿಲ್ಲ. ಒಡೆಯದಂತೆ ಹೇಗೆ ಹಿಡಿದನೋ! "ಮನೆಗೆ ಬಂದೆಯಲ್ಲ, ಒಳ್ಳೇದಾಯ್ತು."

ಇಡೀ ಬದುಕಿನಲ್ಲಿ ನನಗೆ ಯಾರೂ ಕೊಡದಿದ್ದ ಮಾತು ಅದು. ಅದನ್ನು ಅವನೊಬ್ಬ ಕೊಡಬಾರದಿತ್ತು.

"ಹೂಂ ಅಣ್ಣಾ," ಎಂದೆ. "ಬಂದೆ."

*

ಸಾಮಾನು ವ್ಯಾನಿಗೆ ತುಂಬುವಾಗ ಗಾಳಿಯಂತ್ರದ ಹತ್ತಿರ ಇಬ್ಬರೇ ಸಿಕ್ಕೆವು.

"ನಾನು ಕೇಳಲಿಲ್ಲ, ಕ್ಲೇಟನ್. ಮಾತು ತಪ್ಪಲಿಲ್ಲ."

"ಗೊತ್ತು. ಯಾರೂ ಕೇಳಲಿಲ್ಲ. ದೀಪ ಹಾಕಿದ್ವಿ ಅಷ್ಟೇ."

ನಾನು ಜೀವಶಾಸ್ತ್ರವನ್ನೂ ಓದಿದವಳು. ಅವನ ಕಿವಿಯ ಮುಂದೆ ತೂತಿಲ್ಲ. ಅವನ ಅಜ್ಜಿಗೂ ನನ್ನ ಅಜ್ಜಿಗೂ ನೆನಪಿಗೆ ಸಿಗುವ ಕಾಲದಲ್ಲಿ ಯಾವ ನಂಟೂ ಇಲ್ಲ. ಪ್ರಯೋಗಾಲಯಕ್ಕೆ ಕಳಿಸಿದರೆ ನಾವಿಬ್ಬರೂ ಬೇರೆಯವರೆಂದೇ ಉತ್ತರ ಬಂದೀತು. ಅವನಿಗೂ ಇದು ಗೊತ್ತಿತ್ತು. ಇಬ್ಬರೂ ಆ ಮಾತನ್ನು ಎತ್ತಲಿಲ್ಲ. ಅರ್ಧ ಗಂಟೆಯ ಹಿಂದೆ ಒಂದು ಮುದುಕಿ ನನ್ನನ್ನು ಎದೆಗೆ ಒತ್ತಿಕೊಂಡು ಅತ್ತಿದ್ದಳು. ಆ ಕುಲ ನನಗೆ ದೊಡ್ಡಮ್ಮನ ಮಟ್ಟಿಗೆ ನಿಜ, ಅವನ ಮಟ್ಟಿಗೆ ಸುಳ್ಳು ಎನ್ನುವುದು ಹೇಗೆ?

"ಬೇರೆ ಶಾಲೆ ಕೇಳಿ ತಗೋತೀನಿ," ಎಂದೆ. "ಆಫೀಸಿನವರು ಕೊಡ್ತಾರೆ."

"ತಗೋ. ಇಲ್ಲಿಗೆ ಬೇರೆ ಯಾರನ್ನ ಕಳಿಸ್ತಾರೆ?"

"ಯಾರೂ ಇಲ್ಲ."

"ನಾನು ಬಿಟ್ರೂ ಆ ಎರಡನೇ ಟ್ರಿಪ್ಪಿಗೆ ಯಾರೂ ಇಲ್ಲ." ಅವನು ತುಟಿ ಚಾಚಿ ಮನೆಯ ಕಡೆ ತೋರಿಸಿದ. ಕಿಟಕಿಯ ಬೆಳಕಿನಲ್ಲಿ ಕಿಯಾನಾ ಅಜ್ಜಿಯ ಕೈಗೆ ಮಲ್ಟಿಮೀಟರ್ ಕೊಟ್ಟು ಏನೋ ಪಾಠ ಹೇಳುತ್ತಿದ್ದಳು. "ನಮ್ಮಿಬ್ಬರಲ್ಲಿ ಯಾರು ತಪ್ಪಿಸಿದ್ರೂ ಅವಳು ಮತ್ತೆ ಮೊದಲನೇ ಬಸ್ಸಿಗೆ."

ಗಾಳಿಯಂತ್ರ ಸುತ್ತಿಗೊಮ್ಮೆ ಕುಂಟುತ್ತಿತ್ತು. ನಾವು ಅದನ್ನೇ ಕೇಳುತ್ತ ನಿಂತೆವು. ಆಮೇಲೆ ಅವನು ಏಣಿಯನ್ನು ಹೆಗಲಿಗೇರಿಸಿದ.

*

ಮಂಗಳವಾರ ಮೋಟಾರಿನ ಪಾಠ. ಹುಡುಗಿಯರು ತಾಮ್ರದ ತಂತಿ ಸುತ್ತಿದರು. ಶಾಂಡೀನಳ ಮೋಟಾರು ಮೊದಲು ತಿರುಗಿತು. ಆರಕ್ಕೆ ಸರಿಯಾಗಿ ಹೊರಗೆ ಹಾರ್ನ್ ಕೇಳಿತು.

ಬಸ್ಸು ಹತ್ತಿದೆ. ಕನ್ನಡಿ ತುಸು ಮೇಲಕ್ಕೆ ತಿರುಗಿತ್ತು. ಮೂರನೇ ಸಾಲಿನಿಂದ ಈಗ ಅದರಲ್ಲಿ ಬಸ್ಸಿನ ಚಾವಣಿ ಮಾತ್ರ ಕಾಣುತ್ತಿತ್ತು. ಸೀಟಿನ ಮೇಲೆ ಏನೂ ಇರಲಿಲ್ಲ.

ಬಸ್ಸು ಹೊರಟ ಮೇಲೆ ಕಿಯಾನಾ ಮುಂದಿನಿಂದ ಎದ್ದು ಬಂದು ನನ್ನ ಮಡಿಲಲ್ಲಿ ಕಾಗದದ ಪೊಟ್ಟಣ ಇಟ್ಟಳು. ನಗಲಿಲ್ಲ, ಕೀಟಲೆ ಮಾಡಲಿಲ್ಲ. "ಚಿಕ್ಕಮ್ಮ, ಮಾಮ ಕೊಟ್ರು," ಎಂದಳು. ನನ್ನ ಪಕ್ಕವೇ ಕೂತು, ಅವಳ ಕವಲು ಬರುವ ತನಕ ನನ್ನ ತೋಳಿಗೆ ತಲೆ ಆನಿಸಿಕೊಂಡಿದ್ದಳು. ಕವಲಿನಲ್ಲಿ ಬೆಸ್ಸಿ ದೊಡ್ಡಮ್ಮ ಕಂಬಳಿ ಹೊದ್ದು ನಿಂತಿದ್ದರು. ಬಸ್ಸು ನಿಂತಾಗ ಮೊಮ್ಮಗಳನ್ನಲ್ಲ, ಕಿಟಕಿಗಳನ್ನು ಒಂದೊಂದಾಗಿ ನೋಡಿ, ನನ್ನನ್ನು ಹುಡುಕಿ ಕೈ ಎತ್ತಿದರು. ನಾನೂ ಎತ್ತಿದೆ.

ಕೊನೆಯ ಹುಡುಗಿ ಇಳಿದಳು. ನಾನು ಎದ್ದು ಹಿಂದಿನ ಸಾಲಿಗೆ ಹೋಗಿ ಕೂತೆ.

ಗಡಗಡ ಸದ್ದಿನ ಮೇಲೆ ಅವನ ದನಿ ಕೇಳಿತು, ಜೋರಾಗಿ, ಯಾರಾದರೂ ಕೇಳಿಸಿಕೊಳ್ಳಬಹುದಾದ ದನಿಯಲ್ಲಿ.

"ಅಲ್ಲಿ ಕೂರಬೇಡ ತಂಗೀ. ಹಿಂದೆ ಕುಲುಕಾಟ ಜಾಸ್ತಿ."

ಎದ್ದೆ. ಕಂಬಿ ಹಿಡಿದು ಒಂದೊಂದೇ ಸಾಲು ದಾಟಿ ಬಂದು, ನಡುವಿನ ಸೀಟೊಂದರಲ್ಲಿ ಕೂತೆ. ಪೊಟ್ಟಣ ಇನ್ನೂ ಬಿಸಿಯಾಗಿತ್ತು. ಮುಂದೆ, ಹೆಡ್‌ಲೈಟಿನ ಬೆಳಕಿನಲ್ಲಿ, ಪತಂಗಗಳು ಬರುತ್ತಲೇ ಇದ್ದವು. ಅವನು ವೇಗ ಕಡಿಮೆ ಮಾಡಿದ.